ಪೂರ್ವಪಕ್ಷಕ್ಕೆ ಮಣೆ

ವಾದಮಾಡುವ ಸಾಮರ್ಥ್ಯವು ನಮ್ಮ ಸೀಮೆಯವರಿಗೆ ಯಾರೂ ಕಲಿಸಿಕೊಡಬೇಕಾದದ್ದಲ್ಲ. ಹಾಸನದಿಂದ ಹೊರಟು ಹೊಳೆನರಸೀಪುರವನ್ನು ಹಾದು ಹಳ್ಳಿಮೈಸೂರಿಗೆ ಬರುವ ಬಸ್ಸಿನಲ್ಲಿ ಒಮ್ಮೆ ಕುಳಿತು ಬಂದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಆಲೂಗೆಡ್ಡೆಯ ಬಿತ್ತನೆಬೀಜದ ಧಾರಣೆಯಿಂದ ಮೊದಲ್ಗೊಂಡು ಹೇಮಾವತಿಯ ನಾಲೆಯ ನೀರು ಯಾರ ಗದ್ದೆಗೆ ಮೊದಲು ಹರಿಯತಕ್ಕದ್ದೆಂಬ ಧರ್ಮಸೂಕ್ಷ್ಮದವರೆಗೆ, ಮುಂದಿನ ಚುನಾವಣೆಯಲ್ಲಿ ಯಾರು ಯಾರ ಕಾಲೆಳೆಯುವರೆಂಬ ಭವಿಷ್ಯಪುರಾಣದವರೆಗೆ, ಪ್ರತಿಯೊಂದು ವಿಷಯದಲ್ಲಿಯೂ ಪ್ರತಿಯೊಬ್ಬ ಪ್ರಯಾಣಿಕನಿಗೂ ಒಂದು ಸಿದ್ಧಾಂತವುಂಟು. ಆ ಸಿದ್ಧಾಂತವನ್ನು ಸ್ಥಾಪಿಸದೆ ಅವನು ತನ್ನ ಊರಿನಲ್ಲಿ ಇಳಿಯುವವನಲ್ಲ. ಸ್ಥಾಪನೆ ಮುಗಿಯಲಿಲ್ಲವೆಂಬ ಕಾರಣದಿಂದ ಕಂಡಕ್ಟರನ ಕಣ್ಣು ತಪ್ಪಿಸಿ ಮುಂದಿನ ನಿಲ್ದಾಣದವರೆಗೂ ಹೋದ ಮಹಾನುಭಾವರನ್ನು ನಾನೇ ಬಲ್ಲೆ. ಬದುವಿನ ಒಂದು ಮೊಳ ಜಾಗಕ್ಕಾಗಿ ಅಜ್ಜ ಹೂಡಿದ ವ್ಯಾಜ್ಯವನ್ನು ಮೊಮ್ಮಗನು ಅದೇ ಉತ್ಸಾಹದಿಂದ, ಬಹುಮಟ್ಟಿಗೆ ಅದೇ ಶಬ್ದಗಳಲ್ಲಿ, ಮುಂದುವರಿಸುತ್ತಿರುವ ಮನೆಗಳು ನಮ್ಮಲ್ಲಿ ವಿರಳವಲ್ಲ. ಹೀಗಿರುವಲ್ಲಿ, ಇದೇ ನೀರು ಕುಡಿದು ಬೆಳೆದ ಮಕ್ಕಳು ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿ, ಒಂದು ಪಕ್ಷವನ್ನು ಹಿಡಿದು ಯುಕ್ತಿಯಿಂದ ಸಮರ್ಥಿಸಿ ಒಂದು ಪ್ರಬಂಧವನ್ನು ಬರೆದು ತನ್ನಿರೆಂದು ಅಧ್ಯಾಪಕರು ಹೇಳಿದೊಡನೆಯೇ ಬಾಯಿ ಒಣಗಿ, ಹಿಂದಿನ ವರ್ಷದವರು ಬರೆದುಕೊಟ್ಟದ್ದರ ಪ್ರತಿಯೇನಾದರೂ ಉಳಿದಿದೆಯೇ ಎಂದು ಜೆರಾಕ್ಸ್ ಅಂಗಡಿಯವನ ಮುಂದೆ ನಿಲ್ಲುವುದೇಕೆ?

ಇದಕ್ಕೆ ಕಾರಣ ಬುದ್ಧಿಮಾಂದ್ಯವಂತೂ ಅಲ್ಲ. ಶಾಲೆಯ ಹತ್ತು ಹನ್ನೆರಡು ವರ್ಷಗಳ ಕಾಲ ನಮ್ಮ ಮಕ್ಕಳಿಗೆ ಪ್ರಬಂಧವೆಂಬ ಹೆಸರಿನಲ್ಲಿ ನಾವು ಕಲಿಸುವುದು, ಲೋಕದಲ್ಲಿ ಯಾರೂ ನಿಂದಿಸದಿರುವ ವಸ್ತುಗಳನ್ನು ಸ್ತುತಿಸುವ ಕಲೆಯನ್ನು. ಗ್ರಂಥಾಲಯಗಳ ಮಹತ್ತ್ವ, ರಾಷ್ಟ್ರೀಯ ಹಬ್ಬಗಳ ಆಚರಣೆ, ಸಮಯಪಾಲನೆಯ ಪ್ರಯೋಜನಗಳು ಎಂಬಿವೇ ಮೊದಲಾದ ವಿಷಯಗಳ ಮೇಲೆ ಪೀಠಿಕೆ, ವಿಷಯನಿರೂಪಣೆ, ಉಪಸಂಹಾರವೆಂಬ ಮೂರು ತಲೆಬರಹಗಳನ್ನು ಅಡಿಗೆರೆಸಹಿತವಾಗಿ ಹಾಕಿ ಬರೆಯುವ ಹುಡುಗನು, ಗ್ರಂಥಾಲಯಗಳು ಬೇಡವೆನ್ನುವ ಒಬ್ಬನೇ ಒಬ್ಬ ಮನುಷ್ಯನನ್ನು ತನ್ನ ಮನಸ್ಸಿನಲ್ಲಿಯೂ ಎದುರಿಗೆ ನಿಲ್ಲಿಸಿಕೊಂಡವನಲ್ಲ. ಪ್ರತಿಪಕ್ಷವೇ ಇಲ್ಲದ ಕಡೆ ಯುಕ್ತಿಗೆ ಏನು ಕೆಲಸ? ಅಲ್ಲಿ ಬೇಕಾದದ್ದು ವಿಶೇಷಣಗಳು ಮಾತ್ರ. ಹೀಗೆ ಸ್ತೋತ್ರಸಾಹಿತ್ಯದಲ್ಲಿ ನುರಿತ ಕೈಯನ್ನು ಒಮ್ಮಿಂದೊಮ್ಮೆಗೆ ತರ್ಕಕ್ಕೆ ಹಚ್ಚಿದರೆ ಅದು ನಡುಗುವುದು ಸಹಜ.

ನಮ್ಮ ಹಿಂದಿನವರು ಈ ವಿಷಯದಲ್ಲಿ ಹೆಚ್ಚು ಜಾಗರೂಕರಾಗಿದ್ದರು. ಮೀಮಾಂಸಕರು ಒಂದು ಅಧಿಕರಣವನ್ನು ರಚಿಸುವಾಗ ವಿಷಯವನ್ನು ಹೇಳಿದ ಒಡನೆಯೇ ಸಂಶಯವನ್ನು ಹೇಳುತ್ತಾರೆ. ಪೂರ್ವಪಕ್ಷ, ಸಿದ್ಧಾಂತಗಳು ಅನಂತರದ ಮಾತು. ಇದು ಹೀಗೋ ಹಾಗೋ ಎಂಬ ಎರಡು ಕೋಟಿಗಳ ನಡುವೆ ಮನಸ್ಸು ತೂಗಾಡದಿರುವಲ್ಲಿ ಅಧಿಕರಣವೇ ಹುಟ್ಟುವುದಿಲ್ಲ. ನೈಯಾಯಿಕರಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾತಿಗೆ ಮಾತು ಕೊಡುವ ವ್ಯಾಪಾರವನ್ನೇ ಮೂರಾಗಿ ವಿಂಗಡಿಸಿದರು: ತತ್ತ್ವವನ್ನು ತಿಳಿಯಬೇಕೆಂಬ ಅಪೇಕ್ಷೆಯಿಂದ ನಡೆಯುವುದು ವಾದ, ಹೇಗಾದರೂ ಗೆಲ್ಲಲೇಬೇಕೆಂದು ಛಲಾದಿಗಳನ್ನು ಬಳಸಿ ನಡೆಸುವುದು ಜಲ್ಪ, ತನ್ನದೊಂದು ಪಕ್ಷವನ್ನು ಸ್ಥಾಪಿಸುವ ಗೋಜಿಗೇ ಹೋಗದೆ ಎದುರಾಳಿಯದನ್ನು ಕೆಡಹುವುದರಲ್ಲಿಯೇ ತೃಪ್ತಿಪಡುವುದು ವಿತಂಡ. ನಮ್ಮ ಬಸ್ಸಿನಲ್ಲಿ ನಡೆಯುವುದು ಬಹುಪಾಲು ಜಲ್ಪ. ಚುನಾವಣೆ ಸಮೀಪಿಸಿದಾಗ ವಿತಂಡ. ವಿಶ್ವವಿದ್ಯಾನಿಲಯವು ಬೇಡುವುದು ಮೊದಲನೆಯದನ್ನು. ಆ ಮೊದಲನೆಯದಕ್ಕೆ ನಮ್ಮ ಊರುಗಳಲ್ಲಿ ಆಸ್ಪದವೇ ಇಲ್ಲವೆಂದು ಯಾರೂ ಭಾವಿಸಬಾರದು. ಪಂಚಾಯಿತಿಗೆ ಕೂರುವ ಹಳೆಯ ಯಜಮಾನರಲ್ಲಿ ಕೆಲವರು, ವಾದಿಯು ತನ್ನ ಅಹವಾಲನ್ನೆಲ್ಲ ಕಕ್ಕಿ ಮುಗಿಸಿದಮೇಲೆ, ‘ಸರಿ ಕಣಪ್ಪ, ನಿಂದಾಯ್ತು, ಈಗ ಅವನು ಏನಂತಾನೆ ಅಂತ ನಿನ್ನ ಬಾಯಲ್ಲೇ ಹೇಳು’ ಎಂದು ಕೇಳುವುದುಂಟು. ಅದನ್ನು ನೆಟ್ಟಗೆ ಹೇಳಲು ಬಾರದವನು ಅರ್ಧ ಸೋತಂತೆಯೇ. ಪ್ರಬಂಧಲೇಖಕನನ್ನು ಕೂರಿಸಬೇಕಾದದ್ದು ಇಂಥ ಯಜಮಾನರ ಮುಂದೆಯೇ ಹೊರತು ಚಪ್ಪಾಳೆ ತಟ್ಟುವ ಸಭೆಯ ಮುಂದೆ ಅಲ್ಲ.

ಇಷ್ಟೆಲ್ಲ ಯೋಚನೆಗೆ ನಿಮಿತ್ತವಾದವಳು ನಮ್ಮ ಪಕ್ಕದ ಮನೆಯ ಹುಡುಗಿ. ಹಾಸನದಲ್ಲಿ ಇತಿಹಾಸದ ಎಂ.ಎ. ಓದುತ್ತಿರುವವಳು. ನಾನು ಕೆಲಸದಿಂದ ನಿವೃತ್ತನಾಗಿ ಎಷ್ಟು ವರ್ಷಗಳಾಗಿದ್ದರೂ ಬೀದಿಯವರ ದೃಷ್ಟಿಯಲ್ಲಿ ಮೇಷ್ಟ್ರಿಗೆ ನಿವೃತ್ತಿಯಿಲ್ಲ. ಆಕೆ ತಂದು ಮುಂದಿಟ್ಟ ಹಾಳೆಯ ನೆತ್ತಿಯ ಮೇಲೆ ‘ಶ್ರವಣಬೆಳಗೊಳ: ಒಂದು ಅಧ್ಯಯನ’ ಎಂದಿತ್ತು, ಅದರ ಕೆಳಗೆ, ಭಾರತವು ಪ್ರಾಚೀನ ಸಂಸ್ಕೃತಿಯ ತವರೆಂಬ ವಾಕ್ಯದಿಂದ ಆರಂಭವಾಗಿ, ಕರ್ನಾಟಕಕ್ಕೆ ಇಳಿದು, ಹಾಸನ ಜಿಲ್ಲೆಯನ್ನು ಪ್ರದಕ್ಷಿಣೆ ಹಾಕಿ, ಮೂರನೆಯ ಪುಟದ ಕೊನೆಯಲ್ಲಿ ಬೆಟ್ಟದ ಬುಡಕ್ಕೆ ಬಂದು ನಿಂತ ಒಂದು ಪೀಠಿಕೆ.

‘ಇದರಲ್ಲಿ ತಕರಾರು ಎಲ್ಲಿದೆ ಕಣಮ್ಮ?’ ಎಂದೆ.

‘ತಕರಾರು ಯಾಕೆ ಮೇಷ್ಟ್ರೇ? ಇಂಟರ್ನಲ್ಸ್‌ಗೆ ಹತ್ತು ಪುಟ ಆದ್ರೆ ಸಾಕು ಅಂದವ್ರೆ. ಚಂದ್ರಗುಪ್ತ ಮೌರ್ಯ ಚಿಕ್ಕಬೆಟ್ಟಕ್ಕೆ ಬಂದು ಸಲ್ಲೇಖನ ತಗೊಂಡಿದ್ದು ಎಲ್ರಿಗೂ ಗೊತ್ತಿರೋದೇ ಅಲ್ವಾ?’

‘ಎಲ್ಲರಿಗೂ ಗೊತ್ತಿರೋದಾದರೆ ಹತ್ತು ಪುಟ ಯಾಕೆ, ಹತ್ತು ಸಾಲೂ ದಂಡ. ಗೊತ್ತಿಲ್ಲ, ಒಪ್ಪೋದಿಲ್ಲ ಅಂದೋರು ಯಾರಾದರೂ ಇದ್ದಾರಾ ನೋಡು.’

ಇದ್ದರು, ಅದೂ ಸಾಮಾನ್ಯರಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಆ ಬೋಳುಬಂಡೆಯ ಮೇಲಿನ ಕೆಲವು ಸಾಲುಗಳನ್ನು ಕುರಿತು ದೇಶದ ದೊಡ್ಡ ದೊಡ್ಡ ವಿದ್ವಾಂಸರು ದಶಕಗಳ ಕಾಲ ನಡೆಸಿದ ವಾದವು, ವಾದಾತ್ಮಕವಾದ ಬರವಣಿಗೆ ಹೇಗಿರಬೇಕು, ಹೇಗಿರಬಾರದು ಎಂಬೆರಡನ್ನೂ ಕಲಿಸಬಲ್ಲ ಒಂದು ಪಾಠಶಾಲೆಯೇ ಆಗಿದೆ. ಅದು ನಮ್ಮ ಮನೆಯ ಹಿತ್ತಲಲ್ಲಿಯೇ ಎಂಬಷ್ಟು ಹತ್ತಿರದಲ್ಲಿದ್ದೂ ನಮ್ಮ ವಿದ್ಯಾರ್ಥಿಗಳು ಅದರ ಕಡೆಗೆ ತಿರುಗಿನೋಡದೆ, ಜಾಗತೀಕರಣದ ಸಾಧಕಬಾಧಕಗಳನ್ನು ಗೈಡುಗಳಿಂದ ಇಳಿಸಿಕೊಂಡು ಬರೆಯುತ್ತಿರುವುದು ನನಗೆ ವಿಚಿತ್ರವಾಗಿ ತೋರುತ್ತದೆ.

ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಅಲೆದು ಸಂಗ್ರಹಿಸಿದ ಬಿ. ಎಲ್. ರೈಸ್ ಸಾಹೇಬರು, ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೆಯ ಸಂಪುಟವನ್ನು 1889ರಲ್ಲಿ ಶ್ರವಣಬೆಳಗೊಳಕ್ಕೇ ಮೀಸಲಾಗಿ ಹೊರತಂದರು. ಅದರಲ್ಲಿದ್ದ ಶಾಸನಗಳು 144. ಅವುಗಳಲ್ಲಿ ಮೊದಲನೆಯದಾಗಿ ಎಣಿಸಲ್ಪಟ್ಟಿರುವುದು, ಚಂದ್ರಗಿರಿಯ, ಎಂದರೆ ಚಿಕ್ಕಬೆಟ್ಟದ, ಪಾರ್ಶ್ವನಾಥ ಬಸದಿಯ ಪಕ್ಕದ ಬಂಡೆಯ ಮೇಲಿರುವ, ಹಳಗನ್ನಡ ಲಿಪಿಯ ಸಂಸ್ಕೃತ ಬರಹ. ಕಾಲ ನಮೂದಾಗಿಲ್ಲ, ಲಿಪಿಯನ್ನು ನೋಡಿ ಸುಮಾರು ಕ್ರಿ. ಶ. 600ರದೆಂದು ಈಗ ಸಾಮಾನ್ಯವಾಗಿ ಒಪ್ಪುತ್ತಾರೆ. ಮಹಾವೀರನ ಅನಂತರದ ಆಚಾರ್ಯಪರಂಪರೆಯನ್ನು ಹೇಳಿ, ಆ ಪರಂಪರೆಯ ಭದ್ರಬಾಹುಸ್ವಾಮಿಯು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವಿಪತ್ತನ್ನು ಮುಂಗಂಡುದನ್ನೂ, ಸಂಘವು ಉತ್ತರದಿಂದ ದಕ್ಷಿಣಕ್ಕೆ ಹೊರಟುದನ್ನೂ, ಕಟವಪ್ರವೆಂಬ ಈ ಬೆಟ್ಟದಲ್ಲಿ ಆಚಾರ್ಯರೊಬ್ಬರು ಸಂಘವನ್ನು ಮುಂದಕ್ಕೆ ಕಳುಹಿಸಿ ಸಮಾಧಿಯನ್ನು ಸಾಧಿಸಿದುದನ್ನೂ, ಕಾಲಕ್ರಮದಲ್ಲಿ ಏಳುನೂರು ಮಂದಿ ಋಷಿಗಳು ಅದೇ ಗತಿಯನ್ನು ಪಡೆದುದನ್ನೂ ಅದು ತಿಳಿಸುತ್ತದೆ. ರೈಸರು ಇದನ್ನು ಬೆಟ್ಟದ ಐತಿಹ್ಯದೊಂದಿಗೆ ಜೋಡಿಸಿ ಓದಿ, ಭದ್ರಬಾಹುವಿನ ಶಿಷ್ಯನಾಗಿ ಇಲ್ಲಿಗೆ ಬಂದವನು ಚಂದ್ರಗುಪ್ತ ಮೌರ್ಯನೇ ಎಂಬ ಪಕ್ಷವನ್ನು ಹಿಡಿದರು. ಶಾಸನವಿದ್ಯೆಯಲ್ಲಿ ಅವರಿಗೆ ಸಮಸ್ಕಂಧರಾದ, ನಿಷ್ಠುರತೆಯಲ್ಲಿ ಅವರನ್ನು ಮೀರಿದ ಜೆ. ಎಫ್. ಫ್ಲೀಟರು 1892ರಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಇದನ್ನು ಖಂಡಿಸಿದರು.

ಬರೆಯುವುದಕ್ಕೆ ಮುಂಚೆ ನೋಡಿಬರೋಣವೆಂದು ನಾವಿಬ್ಬರೂ ಚನ್ನರಾಯಪಟ್ಟಣದ ಮೇಲೆ ಬಸ್ಸು ಹಿಡಿದು ಬೆಳಗೊಳಕ್ಕೆ ಹೋದೆವು. ಯಾತ್ರಿಕರ ಪ್ರವಾಹವೆಲ್ಲ ಗೊಮ್ಮಟನನ್ನು ನೋಡಲು ದೊಡ್ಡಬೆಟ್ಟದ ಕಡೆ ಹರಿಯುವುದರಿಂದ ಚಿಕ್ಕಬೆಟ್ಟ ಯಾವಾಗಲೂ ತಕ್ಕಮಟ್ಟಿಗೆ ಏಕಾಂತ. ಚಪ್ಪಲಿಯನ್ನು ಕೆಳಗೇ ಬಿಟ್ಟು ಹತ್ತಬೇಕು. ಹತ್ತು ಗಂಟೆ ದಾಟಿತೆಂದರೆ ಕಾದ ಬಂಡೆಯು ವಿಮರ್ಶಕರಿಗೆ ಹೆಚ್ಚು ಹೊತ್ತು ನಿಲ್ಲುವ ಅವಕಾಶವನ್ನು ಕೊಡದು. ಹುಡುಗಿಯು ಕಾಲನ್ನು ಅದಲುಬದಲು ಮಾಡುತ್ತಲೇ, ತನ್ನ ಟಿಪ್ಪಣಿಯ ಪುಸ್ತಕದಲ್ಲಿ ಬರೆದುಕೊಂಡಿದ್ದ ಪಾಠವನ್ನು ಸಾಲುಸಾಲಾಗಿ ಬೆರಳಿಟ್ಟು ನೋಡಿದಳು. ಮತ್ತೊಮ್ಮೆ ಮೊದಲಿನಿಂದ ನೋಡಿದಳು. ಆಮೇಲೆ, ‘ಮೇಷ್ಟ್ರೇ, ಇದ್ರಲ್ಲಿ ಚಂದ್ರಗುಪ್ತನ ಹೆಸರೇ ಇಲ್ವಲ್ಲ!’ ಎಂದಳು.

ಇಲ್ಲ. ಅಲ್ಲಿರುವ ಹೆಸರು ಪ್ರಭಾಚಂದ್ರ. ಪ್ರಭಾಚಂದ್ರನೆಂಬುದು ಚಂದ್ರಗುಪ್ತನು ದೀಕ್ಷೆಯ ಕಾಲದಲ್ಲಿ ಪಡೆದ ಹೆಸರೆಂದು ಹೇಳುವುದುಂಟು. ಆದರೆ ಹಾಗೆ ಹೇಳುವವರು ನಾವು, ಬಂಡೆಯಲ್ಲ. ಆ ಹೆಸರಿನ ಕೊನೆಯ ಅಕ್ಷರದ ಓದಿನಲ್ಲಿಯೂ ಭಿನ್ನಾಭಿಪ್ರಾಯವಿದೆ: ಅದನ್ನು ಪ್ರಥಮಾ ವಿಭಕ್ತಿಯೆಂದು ಓದಿದರೆ ಸಮಾಧಿಯನ್ನು ಪಡೆದ ಆಚಾರ್ಯನೇ ಪ್ರಭಾಚಂದ್ರನಾಗುತ್ತಾನೆ, ತೃತೀಯಾ ಎಂದು ಓದಿದರೆ ಅವನು ಬರಿಯ ಶಿಷ್ಯನಾಗಿ ಉಳಿದು, ಆಚಾರ್ಯನ ಸ್ಥಾನಕ್ಕೆ ಭದ್ರಬಾಹುವೇ ಬರುತ್ತಾನೆ. ಸಾಮ್ರಾಜ್ಯವನ್ನು ತೊರೆದವನ ಕಥೆ ಒಂದು ಪ್ರತ್ಯಯದ ಮೇಲೆ ನಿಂತಿರುವುದನ್ನು ನೋಡಿದಾಗ, ವ್ಯಾಕರಣವನ್ನು ಹಳಿಯುವ ಇತಿಹಾಸದ ವಿದ್ಯಾರ್ಥಿಗಳ ಬಗೆಗೆ ನನಗೆ ಕನಿಕರವುಂಟಾಗುತ್ತದೆ. ಅದಂತಿರಲಿ. ಆ ಹುಡುಗಿಯು ಚಿಕ್ಕಬೆಟ್ಟದ ಮೇಲೆ ಕಾಲು ಸುಟ್ಟುಕೊಂಡು ಕಂಡುದನ್ನು, ಅಂದರೆ ಆಧಾರವೆಂದು ನಾವು ಕೈತೋರಿಸುವ ವಸ್ತುವಿನಲ್ಲಿ ನಾವು ಹೇಳುವ ಮಾತು ಇದೆಯೋ ಇಲ್ಲವೋ ಎಂಬುದನ್ನು, ಎಷ್ಟು ಮಂದಿ ಬರೆಯುವವರು ಹೋಗಿ ನೋಡುತ್ತಾರೆ? ಒಂದು ಪುಸ್ತಕವು ಇನ್ನೊಂದನ್ನು ನಂಬಿ, ಅದು ಮತ್ತೊಂದನ್ನು ನಂಬಿ, ಕ್ರಿ. ಶ. 600ರ ಶಾಸನವು ಚಂದ್ರಗುಪ್ತನ ಆಗಮನವನ್ನು ಹೇಳುತ್ತದೆಂಬ ವಾಕ್ಯವು ಪುಟದಿಂದ ಪುಟಕ್ಕೆ ನಿರಾತಂಕವಾಗಿ ನಡೆದುಬರುತ್ತದೆ. ಅಡಿಟಿಪ್ಪಣಿಯಲ್ಲಿ ಮೂಲದ ಹೆಸರನ್ನು ಹಾಕಿ ಓದಿದ್ದು ಮಾತ್ರ ಮೂರನೆಯ ಕೈಯದಾಗಿದ್ದರೆ, ಅದನ್ನು ಪಾಂಡಿತ್ಯವೆಂದು ಕರೆಯಲು ನನ್ನ ಮನಸ್ಸು ಒಡಂಬಡದು.

ಊರಿಗೆ ಹಿಂದಿರುಗಿದಮೇಲೆ ನಾನು ಆಕೆಗೆ ಹೇಳಿದ್ದು ಇಷ್ಟೆ: ನಿನಗೆ ಚಂದ್ರಗುಪ್ತ ಬಂದಿದ್ದರೆ ಸಂತೋಷ; ನನಗೂ ಸಂತೋಷ; ನಮ್ಮ ಜಿಲ್ಲೆಯ ಬೆಟ್ಟಕ್ಕೆ ಮಗಧದ ಚಕ್ರವರ್ತಿ ಬಂದನೆಂದರೆ ಯಾರಿಗೆ ಹೆಮ್ಮೆಯಿಲ್ಲ? ಆದಕಾರಣವೇ ನೀನು ಮೊದಲು ಬರೆಯಬೇಕಾದದ್ದು ಫ್ಲೀಟರ ಪಕ್ಷವನ್ನು. ಅವರೇ ಓದಿದರೂ ‘ನಾನು ಹೇಳಿದ್ದು ಇದನ್ನೇ, ಇಷ್ಟು ಚೆನ್ನಾಗಿ ಹೇಳಿರಲಿಲ್ಲ’ ಎನ್ನುವಂತೆ ಬರೆಯಬೇಕು. ಆಕೆ ಮೊದಲು ಬರೆದುಕೊಂಡು ಬಂದ ಪೂರ್ವಪಕ್ಷವು ಎರಡು ಸಾಲಿನದು: ಕೆಲವು ಪಾಶ್ಚಾತ್ಯ ವಿದ್ವಾಂಸರು ಪೂರ್ವಗ್ರಹದಿಂದ ಇದನ್ನು ಒಪ್ಪುವುದಿಲ್ಲ, ಆದರೆ ಅದು ಸರಿಯಲ್ಲ. ಇಂಥ ಪೂರ್ವಪಕ್ಷವನ್ನು ಕೆಡಹಿ ಗೆದ್ದೆನೆಂದು ಬೀಗುವುದರಲ್ಲಿ ಏನು ಪುರುಷಾರ್ಥ? ಅಲ್ಲದೆ, ಐತಿಹ್ಯದ ಪರವಾಗಿ ನಿಂತ ರೈಸರೂ ಪಾಶ್ಚಾತ್ಯರೇ ಎಂಬುದನ್ನು ಆಕೆ ಮರೆತಿದ್ದಳು.

ಪೂರ್ವಪಕ್ಷದ ನಿಜವಾದ ಬಲವನ್ನು ನೋಡೋಣ. ಶಾಸನವು ಮೊದಲು ಒಬ್ಬ ಭದ್ರಬಾಹುವನ್ನು ಗುರುಪರಂಪರೆಯಲ್ಲಿ ಹೆಸರಿಸಿ, ಆತನ ಅನಂತರದ ಅನೇಕ ಆಚಾರ್ಯರನ್ನೂ ಎಣಿಸಿ, ಆಮೇಲೆ ಆ ಪರಂಪರೆಯಲ್ಲಿ ಬಂದ ಭದ್ರಬಾಹುಸ್ವಾಮಿಯೊಬ್ಬನು ವಿಪತ್ತನ್ನು ನುಡಿದನೆನ್ನುತ್ತದೆ. ಹಾಗಾದರೆ ಈ ಎರಡನೆಯವನು ಶ್ರುತಕೇವಲಿಯಾದ ಆ ಮೊದಲನೆಯವನೇ ಆಗಿರಲು ಹೇಗೆ ಸಾಧ್ಯ? ಜೈನ ಪಟ್ಟಾವಳಿಗಳಲ್ಲಿ ಎರಡನೆಯ ಭದ್ರಬಾಹು ಎಂಬವನೊಬ್ಬನಿದ್ದಾನೆ, ಅವನಿಗೆ ಗುಪ್ತಿಗುಪ್ತನೆಂಬ ಶಿಷ್ಯನಿದ್ದಾನೆ. ಐತಿಹ್ಯದ ಚಂದ್ರಗುಪ್ತನು ಈ ಶಿಷ್ಯನೇ ಏಕಾಗಿರಬಾರದು? ಇದರ ಮೇಲೆ ಕಾಲಗಣನೆಯ ತೊಡಕು ಬೇರೆ. ಮಹಾವೀರನ ನಿರ್ವಾಣವು ಸಂಪ್ರದಾಯದಂತೆ ಕ್ರಿ. ಪೂ. 527, ಅಲ್ಲಿಂದ 162 ವರ್ಷಕ್ಕೆ ಭದ್ರಬಾಹುವಿನ ಅವಸಾನವೆಂದು ದಿಗಂಬರರ ಎಣಿಕೆ. ಎಂದರೆ ಕ್ರಿ. ಪೂ. 365. ಚಂದ್ರಗುಪ್ತನು ಪಟ್ಟಕ್ಕೆ ಬಂದುದೇ ಸುಮಾರು ಕ್ರಿ. ಪೂ. 321ರಲ್ಲಿ. ಗುರುವು ತೀರಿಕೊಂಡು ನಲವತ್ತು ವರ್ಷಗಳಾದಮೇಲೆ ಸಿಂಹಾಸನವೇರಿದವನು ಅದನ್ನು ಬಿಟ್ಟು ಅದೇ ಗುರುವಿನ ಹಿಂದೆ ನಡೆದುಬರುವುದೆಂತು? ಇವೆಲ್ಲಕ್ಕೂ ಕಳಶವಿಟ್ಟಂತೆ ನಮ್ಮ ವಡ್ಡಾರಾಧನೆಯೇ ಇದೆ: ಅದರ ಭದ್ರಬಾಹು ಭಟ್ಟಾರರ ಕಥೆಯಲ್ಲಿ ದೀಕ್ಷೆ ಪಡೆಯುವವನು ಚಾಣಕ್ಯನ ಶಿಷ್ಯನಾದ ಮೌರ್ಯನಲ್ಲ, ಅಶೋಕನ ತರುವಾಯದ ಸಂಪ್ರತಿ ಚಂದ್ರಗುಪ್ತ.

ಇದನ್ನೆಲ್ಲ ಬರೆದು ಮುಗಿಸಿದ ದಿನ ಹುಡುಗಿಯ ಮುಖ ಬಾಡಿತ್ತು. ‘ಹಂಗಾದ್ರೆ ನಾನು ಸಮರ್ಥಿಸೋಕೆ ಏನೂ ಉಳೀಲಿಲ್ಲ ಬಿಡಿ’ ಎಂದಳು. ಅವಳ ಪ್ರಬಂಧವು ನಿಜವಾಗಿ ಆರಂಭವಾದದ್ದು ಆ ಗಳಿಗೆಯಿಂದ ಎಂದೇ ನನ್ನ ಎಣಿಕೆ. ಎದುರಿನ ಪಕ್ಷವು ತನ್ನ ಪಕ್ಷವನ್ನು ಒಮ್ಮೆಯಾದರೂ ಅಲುಗಾಡಿಸದಿದ್ದರೆ, ಬರೆಯುವವನು ಅದನ್ನು ಓದಲಿಲ್ಲವೆಂದೇ ತಿಳಿಯಬೇಕು.

ಉಳಿದಿತ್ತು, ಬೇಕಾದಷ್ಟು ಉಳಿದಿತ್ತು. ಅದೇ ಬೆಟ್ಟದ ಮೇಲೆ, ಸುಮಾರು ಕ್ರಿ. ಶ. 650ರದೆನ್ನಲಾದ ಇನ್ನೊಂದು ಶಾಸನವು ಭದ್ರಬಾಹು, ಚಂದ್ರಗುಪ್ತ ಮುನೀಂದ್ರರನ್ನು ಜೋಡಿಯಾಗಿಯೇ ಹೆಸರಿಸುತ್ತದೆ. ಶ್ರೀರಂಗಪಟ್ಟಣದ ಬಳಿ ದೊರೆತ, ಸುಮಾರು 900ರ ಎರಡು ಶಾಸನಗಳು ಈ ಇಬ್ಬರ ಪಾದಚಿಹ್ನೆಗಳಿಂದ ಪವಿತ್ರವಾದ ಬೆಟ್ಟವೆಂದು ಕಳ್ವಪ್ಪನ್ನು, ಎಂದರೆ ಕಟವಪ್ರವನ್ನೇ, ವರ್ಣಿಸುತ್ತವೆ. 931ರಲ್ಲಿ ಬೃಹತ್ಕಥಾಕೋಶವನ್ನು ಬರೆದ ಹರಿಷೇಣನಿಗೆ ಈ ಕಥೆ ಗೊತ್ತು. ಆದರೆ ಅವನ ಪ್ರಕಾರ ಭದ್ರಬಾಹುವು ಉತ್ತರದಲ್ಲಿಯೇ ಉಳಿದು ಸಮಾಧಿಸ್ಥನಾಗುತ್ತಾನೆ, ದಕ್ಷಿಣದ ಪುನ್ನಾಟಕ್ಕೆ ಸಂಘವನ್ನು ನಡೆಸಿಕೊಂಡು ಬರುವವನು ದೀಕ್ಷಿತನಾದ ಚಂದ್ರಗುಪ್ತ. ಚಂದ್ರಗುಪ್ತ ಬಸದಿಯ ಜಾಲಂಧ್ರಗಳ ಮೇಲೆ ಚಿಕ್ಕ ಚಿಕ್ಕ ಚೌಕಗಳಲ್ಲಿ ಇವರ ಕಥೆಯನ್ನು ಕೆತ್ತಿ ದಾಸೋಜನೆಂದು ತನ್ನ ಹೆಸರನ್ನೂ ಬಿಟ್ಟುಹೋದ ಶಿಲ್ಪಿ ಇನ್ನೂ ಎರಡು ಮೂರು ಶತಮಾನ ಈಚಿನವನು. ಅವನ ಉಳಿ ಎಷ್ಟು ಸೊಗಸಾಗಿ ಸಾಕ್ಷಿ ನುಡಿದರೂ ಮೌರ್ಯನಿಗೂ ಅವನಿಗೂ ನಡುವೆ ಸುಮಾರು 1400 ವರ್ಷಗಳ ಅಂತರವಿರುವುದರಿಂದ, ಅದು ತನ್ನ ಕಾಲದ ನಂಬಿಕೆಗೆ ಸಾಕ್ಷಿಯೇ ಹೊರತು ಮೌರ್ಯನ ಕಾಲದ ಘಟನೆಗೆ ಅಲ್ಲ. ಕಾಲಗಣನೆಯ ತೊಡಕಿಗೂ ಪರಿಹಾರವಿಲ್ಲದಿಲ್ಲ. ಹೇಮಚಂದ್ರನು ಪರಿಶಿಷ್ಟಪರ್ವದಲ್ಲಿ ನಿರ್ವಾಣದ 155ನೆಯ ವರ್ಷದಲ್ಲಿ ಚಂದ್ರಗುಪ್ತನು ದೊರೆಯಾದನೆನ್ನುತ್ತಾನೆ; ಶ್ವೇತಾಂಬರರ ಎಣಿಕೆಯಂತೆ ಭದ್ರಬಾಹು ತೀರಿಕೊಂಡದ್ದು 170ನೆಯ ವರ್ಷದಲ್ಲಿ. ಈ ಲೆಕ್ಕವನ್ನು ಹಿಡಿದರೆ ಇಬ್ಬರೂ ಸಮಕಾಲೀನರೇ. ಆಗ ಪಲ್ಲಟವಾಗಬೇಕಾದದ್ದು ನಿರ್ವಾಣದ ವರ್ಷ ಮಾತ್ರ.

ಇಲ್ಲಿ ಇನ್ನೊಂದು ಸೋಜಿಗವುಂಟು. ಫ್ಲೀಟರ ಖಂಡನೆ ಪ್ರಕಟವಾದ ಅದೇ 1892ರಲ್ಲಿ ರೈಸರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯ ಸುತ್ತಿನಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಮೌರ್ಯರ ಆಜ್ಞೆ ನಮ್ಮ ನಾಡಿನವರೆಗೆ ಹಬ್ಬಿತ್ತೆಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಡ. ನಮ್ಮ ಹುಡುಗಿಯು ಇದನ್ನು ಓದಿದೊಡನೆ ಕುಣಿದಾಡಿ, ‘ಆದ್ದರಿಂದ ಚಂದ್ರಗುಪ್ತನು ಬಂದನೆಂಬುದು ನಿರ್ವಿವಾದ’ ಎಂದು ಬರೆದುತಂದಳು. ಮೊಮ್ಮಗನ ಶಾಸನ ಬ್ರಹ್ಮಗಿರಿಯಲ್ಲಿದ್ದರೆ ತಾತನು ಬೆಳಗೊಳಕ್ಕೆ ಬಂದಿರುವುದು ಅಸಂಭವವಲ್ಲವೆಂದಾಯಿತೇ ಹೊರತು ಬಂದನೆಂದಾಗಲಿಲ್ಲ. ಬಾಧಕವು ನಿವಾರಣೆಯಾಗುವುದು ಬೇರೆ, ಸಾಧಕವು ಸಿದ್ಧವಾಗುವುದು ಬೇರೆ. ನಾನು ನೋಡಿರುವ ವಿದ್ಯಾರ್ಥಿಪ್ರಬಂಧಗಳಲ್ಲಿ, ಸಂಭವಿಸಬಹುದೆಂಬುದನ್ನು ತೋರಿಸಿ ಸಂಭವಿಸಿತೆಂದು ಮುಗಿಸುವ ದೋಷಕ್ಕಿಂತ ಹೆಚ್ಚು ಸಾಮಾನ್ಯವಾದ ದೋಷವನ್ನು ಕಾಣೆ. ‘ಆದ್ದರಿಂದ’ ಎಂಬ ಪದವು ಕಾಗದದ ಮೇಲೆ ಬಿದ್ದೊಡನೆ ಕೆಲಸ ಮುಗಿಯಿತೆಂದು ಅವರು ತಿಳಿಯುವಂತಿದೆ. ‘ನಿರ್ವಿವಾದ’, ‘ಸಂಶಯಾತೀತ’, ‘ಎಲ್ಲರೂ ಒಪ್ಪಿರುವಂತೆ’ ಎಂಬ ಪದಗಳ ಕೆಳಗೆ ನಾನು ಕೆಂಪುಗೆರೆ ಎಳೆಯುವುದು ಭಾಷಾದೋಷಕ್ಕಾಗಿ ಅಲ್ಲ. ಯುಕ್ತಿಯು ದುರ್ಬಲವಾದ ಕಡೆಯಲ್ಲೇ ಈ ಪದಗಳು ಬಂದು ಆತುಕೊಳ್ಳುತ್ತವೆಂಬ ಅನುಭವದಿಂದ.

ಈ ವಾದದ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ವ್ಯಕ್ತಿ ರೈಸರೂ ಅಲ್ಲ, ಫ್ಲೀಟರೂ ಅಲ್ಲ, ವಿನ್ಸೆಂಟ್ ಸ್ಮಿತ್. ಪ್ರಾಚೀನ ಭಾರತದ ಇತಿಹಾಸವನ್ನು ಬರೆದ ಈ ಮಹನೀಯರು ತಮ್ಮ ಗ್ರಂಥದ ಮೊದಲ ಆವೃತ್ತಿಗಳಲ್ಲಿ ಬೆಳಗೊಳದ ಐತಿಹ್ಯವನ್ನು ಕಟ್ಟುಕಥೆಯೆಂದು ತಳ್ಳಿಹಾಕಿದ್ದರು. 1914ರ ಮೂರನೆಯ ಆವೃತ್ತಿಯಲ್ಲಿ, ಆಧಾರಗಳನ್ನೂ ಆಕ್ಷೇಪಗಳನ್ನೂ ಮರುಪರಿಶೀಲಿಸಿದ್ದೇನೆಂದೂ, ಐತಿಹ್ಯವು ಸ್ಥೂಲವಾಗಿ ನಿಜವಾಗಿರಬಹುದೆಂದು ನಂಬುವ ಕಡೆಗೆ ಈಗ ತಮ್ಮ ಮನಸ್ಸು ಒಲಿದಿದೆಯೆಂದೂ ಬರೆದರು. ‘ಸ್ಥೂಲವಾಗಿ’, ‘ನಿಜವಾಗಿರಬಹುದು’, ‘ಒಲಿದಿದೆ’: ತಮ್ಮ ಹೊಸ ಅಭಿಪ್ರಾಯಕ್ಕೆ ಅವರು ಹಾಕಿಕೊಂಡ ಈ ಕಡಿವಾಣಗಳನ್ನು ಅಳುಕೆಂದು ಭಾವಿಸುವವರಿಗೆ ವಿದ್ವತ್ತಿನ ಗಂಧವಿಲ್ಲ. ಇನ್ನೂ ಐವತ್ತು ದಾಟಿರದಿದ್ದ ಚಕ್ರವರ್ತಿಯು ಥಟ್ಟನೆ ಇತಿಹಾಸದಿಂದ ಮರೆಯಾಗುವುದಕ್ಕೆ ರಾಜ್ಯತ್ಯಾಗವು ಸಾಕಷ್ಟು ಸಮಂಜಸವಾದ ಕಾರಣವೆಂಬುದು ಅವರಿಗೆ ತೋರಿದ ಒಂದು ಯುಕ್ತಿ. ನನಗಾದರೋ ಆ ಯುಕ್ತಿ ಅಷ್ಟೇನೂ ಬಲವಾದದ್ದಾಗಿ ಕಾಣದು. ಐವತ್ತರೊಳಗೆ ಸಾಯುವುದಕ್ಕೆ ರಾಜರಿಗೆ ಬೇರೆ ಕಾರಣಗಳೂ ಧಾರಾಳವಾಗಿದ್ದವು.

ರೈಸರ ಸಂಪುಟವನ್ನು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿ ಹೊರತಂದಾಗ 144 ಶಾಸನಗಳು 500 ಆಗಿದ್ದವು. ಅವರೂ ಐತಿಹ್ಯದ ಪರವಾಗಿಯೇ ವಾದಿಸಿದರು. ಮೈಸೂರು ವಿಶ್ವವಿದ್ಯಾನಿಲಯದ 1973ರ ಪರಿಷ್ಕರಣದಲ್ಲಿ ಆ ಸಂಖ್ಯೆ 573ಕ್ಕೆ ಏರಿತು. ಬರೆಯುವವರು ಹಳೆಯ ಆವೃತ್ತಿಯೊಂದನ್ನೇ ನೆಚ್ಚಿಕೊಂಡು ಕೂರಬಾರದೆಂಬುದಕ್ಕೆ ಇಷ್ಟು ಸಾಕು.

ಆ ಬೆಟ್ಟದ ಮೇಲೆಯೇ ವಾದದ ಇನ್ನೊಂದು ಮುಖವೂ ಕಾಣಸಿಗುತ್ತದೆಂಬುದನ್ನು ಹೇಳದೆ ಬಿಡಲಾರೆ. ಪಾರ್ಶ್ವನಾಥ ಬಸದಿಯ ಕಂಬದ ಮೇಲೆ 1129ರ ಮಲ್ಲಿಷೇಣ ಪ್ರಶಸ್ತಿ ಇದೆ. ಸಮಂತಭದ್ರರು ಪಾಟಲಿಪುತ್ರದಿಂದ ಹಿಡಿದು ಮಾಳವ, ಸಿಂಧು, ಠಕ್ಕ, ಕಂಚಿಗಳವರೆಗೆ ವಾದದ ಭೇರಿಯನ್ನು ಹೊಡೆದು ಕರಹಾಟಕಕ್ಕೆ ಬಂದುದನ್ನೂ, ಅಕಲಂಕರೇ ಮೊದಲಾದವರು ರಾಜಸಭೆಗಳಲ್ಲಿ ಪ್ರತಿವಾದಿಗಳನ್ನು ಸದೆಬಡಿದುದನ್ನೂ ಅದು ವೀರಾವೇಶದಿಂದ ವರ್ಣಿಸುತ್ತದೆ. ಓದುವುದಕ್ಕೆ ರೋಮಾಂಚಕಾರಿಯಾದ ಕಾವ್ಯ. ಆದರೆ ಸೋತವರು ಏನು ಹೇಳಿದರೆಂಬುದು ಅದರಲ್ಲಿಲ್ಲ. ಪ್ರಶಸ್ತಿಯ ಧರ್ಮವೇ ಅದು, ತಪ್ಪು ಕಾಣುವುದಕ್ಕಿಲ್ಲ. ಬೆಟ್ಟದಿಂದ ಕೆಳಗಿಳಿದು ಭಂಡಾರಿ ಬಸದಿಗೆ ಬಂದರೆ, ಜೈನರಿಗೂ ಶ್ರೀವೈಷ್ಣವರಿಗೂ ಬಿದ್ದ ವ್ಯಾಜ್ಯವನ್ನು ಕೇಳಿ ಬುಕ್ಕರಾಯನು 1368ರಲ್ಲಿ ಮಾಡಿದ ತೀರ್ಮಾನದ ಶಾಸನವಿದೆ. ಅಲ್ಲಿ ದೂರಿದವರು ಯಾರು, ಯಾರ ಕೈಯನ್ನು ಯಾರ ಕೈಯಲ್ಲಿಟ್ಟು ಏನನ್ನು ವಿಧಿಸಲಾಯಿತು ಎಂಬುದು ಸ್ಪಷ್ಟ. ನಮ್ಮ ವಿದ್ಯಾರ್ಥಿಗಳು ಬರೆದುತರುವುದು ಹೆಚ್ಚಾಗಿ ಪ್ರಶಸ್ತಿಯ ಶೈಲಿಯಲ್ಲಿ. ನನಗೆ ಬುಕ್ಕನ ಗುಮಾಸ್ತನೇ ವಾಸಿಯೆನಿಸುತ್ತದೆ.

ಇನ್ನು ಬರವಣಿಗೆಯ ಕ್ರಮದ ಮಾತು. ನಮ್ಮ ಹುಡುಗಿಯ ಮೂರು ಪುಟದ ಪೀಠಿಕೆಯಲ್ಲಿ ಭಾರತವೂ ಕರ್ನಾಟಕವೂ ಹಾಸನ ಜಿಲ್ಲೆಯೂ ಹೋಗಿ, ಸಂಶಯವನ್ನು ತಿಳಿಸುವ ಒಂದು ಕಂಡಿಕೆ ಉಳಿಯಿತು; ಅದನ್ನೂ ಆಕೆ ಬರೆದದ್ದು ಉಳಿದುದೆಲ್ಲ ಮುಗಿದಮೇಲೆ. ಪ್ರತಿಜ್ಞಾವಾಕ್ಯವಂತೂ ಎಷ್ಟು ಸಲ ರೂಪ ಬದಲಿಸಿತೋ ನಾನು ಎಣಿಸಲಿಲ್ಲ. ಚಂದ್ರಗುಪ್ತ ಮೌರ್ಯನು ಇಲ್ಲಿಗೆ ಬಂದನೆಂದು ಆರಂಭವಾದದ್ದು, ಬಂದಿರಬಹುದೆಂದಾಗಿ, ಕೊನೆಗೆ ಹೀಗೆ ನಿಂತಿತು: ಭದ್ರಬಾಹುವಿನೊಂದಿಗೆ ಚಂದ್ರಗುಪ್ತನೆಂಬ ಮುನಿಯ ಸಂಬಂಧವನ್ನು ಏಳನೆಯ ಶತಮಾನದ ಹೊತ್ತಿಗೆ ಈ ಬೆಟ್ಟದವರು ನಂಬಿದ್ದರೆಂಬುದು ಶಾಸನಗಳಿಂದ ಸಿದ್ಧ, ಆ ಮುನಿಯು ಮೌರ್ಯನೇ ಎಂಬುದು ಶಾಸನಗಳಿಂದಲ್ಲ, ಅನಂತರದ ಕಥಾಪರಂಪರೆಯಿಂದ ಬಂದದ್ದು, ಆ ಪರಂಪರೆಯ ಪ್ರಾಮಾಣ್ಯವನ್ನು ಹರಿಷೇಣನ ಭಿನ್ನಪಾಠವು ಕುಗ್ಗಿಸುವುದಿಲ್ಲ, ಹೆಚ್ಚಿಸುತ್ತದೆ. ಮೊದಲೆರಡು ಭಾಗಗಳಿಗೆ ನನ್ನ ಸಂಪೂರ್ಣ ಸಮ್ಮತಿಯುಂಟು. ಮೂರನೆಯದು ಆಕೆಯ ಸ್ವಂತದ್ದು. ಬೆಟ್ಟದ ಹಿರಿಮೆಯನ್ನು ಹೆಚ್ಚಿಸಲೆಂದೇ ಕಥೆಯನ್ನು ಹೆಣೆದಿದ್ದರೆ ಭದ್ರಬಾಹುವನ್ನು ಉತ್ತರದಲ್ಲಿ ಬಿಟ್ಟುಬರುತ್ತಿರಲಿಲ್ಲ. ಆದಕಾರಣ ಹರಿಷೇಣನ ಕೈಗೆ ಬೆಳಗೊಳದ ಆಚೆಯ, ಸ್ವತಂತ್ರವಾದ ಒಂದು ಮೂಲವು ಸಿಕ್ಕಿರಬೇಕೆಂಬುದು ಆಕೆಯ ಹೇತು. ಸ್ವತಂತ್ರವಾದ ಮೂಲವೋ, ಮಾಸಿದ ನೆನಪೋ ಎಂದು ನಾನು ಕೇಳಿದೆ. ಚಂದ್ರಗುಪ್ತನ ಬದಲು ಸಂಪ್ರತಿಯನ್ನು ತಂದ ವಡ್ಡಾರಾಧನೆಯನ್ನು ಪೂರ್ವಪಕ್ಷದಲ್ಲಿ ಅಷ್ಟು ಗೌರವದಿಂದ ಕೂರಿಸಿದ ಮೇಲೆ ಸಿದ್ಧಾಂತದಲ್ಲಿ ಮಾತನಾಡಿಸದೆ ಬಿಟ್ಟಿದ್ದಾಳೆಂದೂ ಆಕ್ಷೇಪಿಸಿದೆ.

ಮರುದಿನ ಸಂಜೆ ಆಕೆ ಎರಡು ಪುಟದ ಉತ್ತರವನ್ನು ಬರೆದುಕೊಂಡು ಬಂದಳು. ನನ್ನ ಆಕ್ಷೇಪವನ್ನು ನಾನು ಹೇಳಿದ್ದಕ್ಕಿಂತ ಅಚ್ಚುಕಟ್ಟಾಗಿ ಮೊದಲಿಗೇ ಇಟ್ಟು, ಆಮೇಲೆ ಒಂದೊಂದಾಗಿ ಕಳಚುತ್ತ ಹೋಗಿದ್ದಳು. ಕೊನೆಯ ಯುಕ್ತಿಯೊಂದು ನನಗೆ ಈಗಲೂ ಒಪ್ಪಿಗೆಯಾಗಿಲ್ಲ. ಫ್ಲೀಟರ ಲೇಖನವನ್ನು ಇನ್ನೊಮ್ಮೆ ನೋಡಬೇಕು, ಅದರ ಜೆರಾಕ್ಸ್ ಪ್ರತಿಯನ್ನು ಕೊಡು ಎಂದು ಕೇಳಿದೆ.

‘ಸೋಮವಾರ ಸಬ್ಮಿಟ್ ಮಾಡಿ ಬಂದ್ಮೇಲೆ ಕೊಡ್ತೀನಿ ಮೇಷ್ಟ್ರೇ’ ಎಂದಳು; ‘ಈಗ್ಲೇ ಕೊಟ್ರೆ ನೀವು ಇನ್ನೊಂದು ಹುಡುಕ್ಕೊಂಡು ಬರ್ತೀರ.’